ಕೊಡಗಿನಲ್ಲಿ ಪ್ರವಾಸಿ ಕುಟುಂಬದ ವಸತಿ: ಬೆಳೆದ ಮಕ್ಕಳನ್ನು ಎಣಿಸುವ ಪ್ರಶ್ನೆ

1. ವಿಷಯ ಪ್ರವೇಶ

ಪ್ರವಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದಾರಿಗಳನ್ನೂ ವಾಹನಗಳನ್ನೂ ಪುಣ್ಯಕ್ಷೇತ್ರಗಳನ್ನೂ ಕುರಿತು ಬರೆಯುತ್ತಾರೆ. ಕತ್ತಲಾದ ಮೇಲೆ ಪ್ರವಾಸಿಯು ಎಲ್ಲಿ ಇಳಿದುಕೊಂಡನು, ಅದಕ್ಕಾಗಿ ಏನು ತೆತ್ತನು, ಅವನೊಡನೆ ಬಂದ ಹೆಂಡತಿ ಮಕ್ಕಳಿಗೆ ಯಾವ ಏರ್ಪಾಡಿತ್ತು ಎಂಬ ಸಂಗತಿಗಳು ಅವರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಆದರೆ ಒಂದು ಸಮಾಜವು ಪರಸ್ಥಳದವರನ್ನು ಹೇಗೆ ಕಾಣುತ್ತದೆಂಬುದು ಇಂಥ ಸಣ್ಣ ಏರ್ಪಾಡುಗಳಲ್ಲಿಯೇ ಸ್ಪಷ್ಟವಾಗುತ್ತದೆ. ಪ್ರಸ್ತುತ ಲೇಖನದಲ್ಲಿ, ಬೆಳೆದ ಮಕ್ಕಳೊಡನೆ ಕೊಡಗಿಗೆ ಹೋಗುವ ಮಧ್ಯಮ ವರ್ಗದ ಕುಟುಂಬವೊಂದಕ್ಕೆ ಮಿತವಾದ ವೆಚ್ಚದಲ್ಲಿ ವಸತಿ ದೊರಕುವುದು ಏಕೆ ಕಷ್ಟವಾಗಿದೆ, ಆ ಕಷ್ಟದ ಮೂಲವೇನು, ಅದನ್ನು ನಿವಾರಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಪರಿಶೀಲಿಸಲು ಯತ್ನಿಸುತ್ತೇವೆ.

ಈ ವಿಷಯವು ನಮಗೆ ಹೊಳೆದುದು ಗ್ರಂಥಾಲಯದಲ್ಲಿ ಅಲ್ಲ. ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ನಮ್ಮ ಅಣ್ಣನವರು ತಮ್ಮ ಸಂಸಾರದೊಡನೆ ಮಡಿಕೇರಿಗೆ ಹೊರಟಾಗ ನಾವೂ ಅವರ ಜೊತೆಗೂಡಿದ್ದೆವು. ನಮಗೆ ಮಿತ್ರರ ಮನೆಯಿತ್ತು. ಅಣ್ಣನವರು ಮಾತ್ರ ಒಂದು ಲಾಡ್ಜಿನಲ್ಲಿ, ‘ಗಂಡ, ಹೆಂಡತಿ, ಇಬ್ಬರು ಮಕ್ಕಳು’ ಎಂದು ಹೇಳಿ, ದೂರವಾಣಿಯ ಮೂಲಕ ಒಂದು ಕೊಠಡಿಯನ್ನು ಗೊತ್ತುಮಾಡಿದ್ದರು. ಮಗನಿಗೆ ಆಗ 17 ವರ್ಷ, ಮಗಳಿಗೆ 15. ಹುಡುಗನು ತಂದೆಗಿಂತ ಒಂದು ಗೇಣು ಎತ್ತರವಾಗಿದ್ದನು. ಅವನನ್ನು ನೋಡಿದೊಡನೆಯೇ ಅಲ್ಲಿನ ವ್ಯವಸ್ಥಾಪಕರು, ‘ಇವರು ಮಕ್ಕಳಲ್ಲ ಸ್ವಾಮಿ, ದೊಡ್ಡವರು; ಎರಡು ಕೊಠಡಿ ತೆಗೆದುಕೊಳ್ಳಬೇಕಾಗುತ್ತದೆ’ ಎಂದರು. ಅಣ್ಣನವರು, ‘ಹಾಗಾದರೆ ಎರಡನೆಯ ಕೊಠಡಿಯನ್ನು ಅವನ ಹೆಸರಿನಲ್ಲಿಯೇ ಬರೆದುಕೊಳ್ಳಿ’ ಎಂದಾಗ, ‘ಹದಿನೆಂಟು ತುಂಬಿಲ್ಲವಲ್ಲ, ಆಗುವುದಿಲ್ಲ’ ಎಂಬ ಉತ್ತರ ಬಂದಿತು. ಹಣ ಕೊಡುವುದಕ್ಕೆ ದೊಡ್ಡವನು, ರುಜು ಹಾಕುವುದಕ್ಕೆ ಚಿಕ್ಕವನು! ಮೂರು ರಾತ್ರಿಗೆಂದು ತಂದಿದ್ದ ಹಣವು ಎರಡು ರಾತ್ರಿಗೆ ಮುಗಿಯಿತು. ತಲಕಾವೇರಿಯನ್ನು ನೋಡದೆಯೇ ಅವರು ಹಿಂದಿರುಗಬೇಕಾಯಿತು. ಅತ್ತಿಗೆಯವರು ಆ ಮಾತನ್ನು ಇಂದಿಗೂ ಮರೆತಿಲ್ಲ.

ಆ ವ್ಯವಸ್ಥಾಪಕರು ಅನ್ಯಾಯ ಮಾಡಿದರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಅವರ ಎರಡು ಮಾತುಗಳಿಗೂ ಆಧಾರವಿತ್ತು. ಆ ಎರಡು ಆಧಾರಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬುದೇ ಇಲ್ಲಿನ ಸಮಸ್ಯೆ.

2. ಮಗುವೆಂದರೆ ಯಾರು?

ಬಾಲ್ಯವು ಯಾವ ವಯಸ್ಸಿಗೆ ಮುಗಿಯುತ್ತದೆಂಬ ಪ್ರಶ್ನೆಗೆ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೆಣ್ಣಿಗೆ 12 ವರ್ಷಕ್ಕೂ ಗಂಡಿಗೆ 16 ವರ್ಷಕ್ಕೂ ವ್ಯವಹಾರಯೋಗ್ಯತೆ ಬರುವುದೆಂದು ಹೇಳಲಾಗಿದೆ. ಬ್ರಿಟಿಷರ ಕಾಲದಲ್ಲಿ 1872ರ ಕರಾರು ಕಾಯಿದೆಯು ಅಪ್ರಾಪ್ತವಯಸ್ಕರಿಗೆ ಕರಾರು ಮಾಡಿಕೊಳ್ಳುವ ಅಧಿಕಾರವಿಲ್ಲವೆಂದು ವಿಧಿಸಿತು. 1875ರ ಪ್ರಾಪ್ತವಯಸ್ಕತೆಯ ಕಾಯಿದೆಯು ಆ ವಯಸ್ಸನ್ನು 18 ಎಂದು ಗೊತ್ತುಮಾಡಿತು. ಕೊಠಡಿಯನ್ನು ಬಾಡಿಗೆಗೆ ಪಡೆಯುವುದೂ ಒಂದು ಕರಾರೇ. ಆದಕಾರಣ 17 ವರ್ಷದ ಹುಡುಗನ ಹೆಸರಿಗೆ ಕೊಠಡಿ ಬರೆಯಲು ಒಪ್ಪದವನ ನಿಲುವು ಕಾನೂನಿಗೆ ಅನುಗುಣವಾದುದು.

ದರಗಳ ಪ್ರಪಂಚದಲ್ಲಿ ಬಾಲ್ಯವು ಇನ್ನೂ ಬೇಗನೆ ಮುಗಿಯುತ್ತದೆ. ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ 12 ವರ್ಷ ಕಳೆದವರಿಗೆ ಪೂರ್ಣ ಟಿಕೇಟು. ರೈಲಿನಲ್ಲಿಯೂ 12 ತುಂಬಿದವರು ಪೂರ್ಣ ದರ ಕೊಡತಕ್ಕವರು. 2016ರ ಏಪ್ರಿಲ್ 21ರಿಂದ, ಮಲಗುವ ಸ್ಥಳ ಬೇಕೆಂದಾದರೆ 5ರಿಂದ 12ರವರೆಗಿನ ಮಕ್ಕಳಿಗೂ ಪೂರ್ಣ ದರವೇ. ಹೋಟೆಲುಗಳು ಈ 12ರ ಗಡಿಯನ್ನೇ ಬಹುಮಟ್ಟಿಗೆ ತಮ್ಮದಾಗಿ ಮಾಡಿಕೊಂಡಿವೆ. ತೀರ ಚಿಕ್ಕ ಮಕ್ಕಳಿಗೆ ಏನೂ ಇಲ್ಲ, 12ರವರೆಗೆ ಹೆಚ್ಚುವರಿ ಹಾಸಿಗೆಯ ದರ, ಆ ಮೇಲೆ ದೊಡ್ಡವರ ದರ ಎಂಬುದು ವಾಡಿಕೆ.

ಹೀಗೆ 12ಕ್ಕೂ 18ಕ್ಕೂ ನಡುವೆ ಆರು ವರ್ಷಗಳ ಒಂದು ಅವಧಿಯುಂಟು. ಈ ಅವಧಿಯಲ್ಲಿರುವವರು ದರಕ್ಕೆ ದೊಡ್ಡವರು, ಕಾನೂನಿಗೆ ಚಿಕ್ಕವರು. ಇದಕ್ಕೆ ಗೃಹಸ್ಥರ ಇನ್ನೊಂದು ಗಣನೆಯೂ ಸೇರುತ್ತದೆ. ಬೆಳೆದ ಮಗನೂ ಬೆಳೆದ ಮಗಳೂ ತಾಯಿತಂದೆಗಳೊಡನೆ ಒಂದೇ ಕೊಠಡಿಯಲ್ಲಿ, ಬಟ್ಟೆ ಬದಲಾಯಿಸುವುದಕ್ಕೂ ಮರೆಯಿಲ್ಲದೆ ಮೂರು ದಿನ ಕಳೆಯಬೇಕಾದರೆ ನಾಲ್ವರಿಗೂ ಸಂಕೋಚ. ಆದುದರಿಂದ ಒಂದು ಕೊಠಡಿ ಸಾಲದು. ಎರಡು ಕೊಠಡಿಗೆ ಹಣ ಸಾಲದು. ಎರಡು ಕೊಠಡಿ ಸಿಕ್ಕಿದರೂ ಅವು ಬೇರೆ ಬೇರೆ ಅಂತಸ್ತಿನಲ್ಲಿದ್ದರೆ ಪ್ರಯೋಜನವಿಲ್ಲ. ದರ ಹೆಚ್ಚಿರುವುದೊಂದೇ ಈ ಕಷ್ಟಕ್ಕೆ ಕಾರಣವೆಂದು ಭಾವಿಸಬಾರದು. ವಸತಿಯನ್ನು ಯಾವ ಮಾನದಿಂದ ಅಳೆಯುತ್ತಾರೆ ಎಂಬುದು ಅದಕ್ಕಿಂತ ಮುಖ್ಯವಾದ ಕಾರಣ. ಈ ಮಾನವು ಎಲ್ಲ ಕಾಲಗಳಲ್ಲಿಯೂ ಒಂದೇ ಆಗಿರಲಿಲ್ಲ. ಕೊಡಗಿನ ಚರಿತ್ರೆಯಲ್ಲಿ ಅದು ಬದಲಾಗುತ್ತ ಬಂದುದನ್ನು ಈಗ ನೋಡೋಣ.

3. ಛತ್ರ ಮತ್ತು ಮನೆ

ಬಯಲುಸೀಮೆಯಲ್ಲಿ ಪ್ರವಾಸಿಗಳಿಗೆ ಆಶ್ರಯವಾಗಿದ್ದುದು ಛತ್ರ. ಅರಸರೂ ವರ್ತಕರೂ ಧರ್ಮಾರ್ಥವಾಗಿ ಕಟ್ಟಿಸಿದ ಇಂಥ ಕಟ್ಟಡಗಳು ಹೆದ್ದಾರಿಗಳಲ್ಲಿಯೂ ಕ್ಷೇತ್ರಗಳಲ್ಲಿಯೂ ಇದ್ದುವು. ರೈಲು ಬಂದ ಮೇಲೆ ನಿಲ್ದಾಣಗಳ ಬಳಿಯೂ ಎದ್ದವು. ಬೆಂಗಳೂರಿನ ರೈಲ್ವೆ ನಿಲ್ದಾಣದ ಹತ್ತಿರ 1903ರಲ್ಲಿ ಆರಂಭವಾದ ಗುಬ್ಬಿ ತೋಟದಪ್ಪನವರ ಧರ್ಮಛತ್ರವು ಇದಕ್ಕೆ ಪ್ರಸಿದ್ಧ ನಿದರ್ಶನ. ಹಳೆಯ ಛತ್ರದಲ್ಲಿ ಅಳತೆಯ ಮಾನವು ಹಜಾರದ ನೆಲ. ಒಂದು ಮೂಲೆಯಲ್ಲಿ ಚಾಪೆ ಹಾಸಿ, ಸೀರೆಯನ್ನೋ ಪಂಚೆಯನ್ನೋ ಅಡ್ಡ ಕಟ್ಟಿದರೆ ಅದೇ ಒಂದು ಸಂಸಾರದ ಬಿಡಾರ. ಮಕ್ಕಳ ವಯಸ್ಸನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಆದರೆ ಛತ್ರದ ನೆಲವು ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು. ಹಲವೆಡೆ ಜಾತಿಯೇ ಬಾಗಿಲ ಕಾವಲುಗಾರನಾಗಿತ್ತು.

ಕೊಡಗಿನ ಸ್ಥಿತಿಯು ಬೇರೆ. ಅಲ್ಲಿ ಬಯಲುಸೀಮೆಯಂತೆ ಒತ್ತೊತ್ತಾಗಿ ಮನೆಗಳಿರುವ ಗ್ರಾಮಗಳಿಲ್ಲ. ಗದ್ದೆಯ ಅಂಚಿನಲ್ಲಿ, ಕಾಡಿನ ಮಗ್ಗುಲಿನಲ್ಲಿ ಮನೆಗಳು ಬಿಡಿಬಿಡಿಯಾಗಿ ನಿಂತಿವೆ. ಕೊಡವರಲ್ಲಿ ಪಿತೃಮೂಲದ ಅವಿಭಕ್ತ ಕುಟುಂಬಕ್ಕೆ ‘ಒಕ್ಕ’ವೆಂದು ಹೆಸರು, ಒಕ್ಕದ ಮೂಲ ಮನೆಯೇ ‘ಐನ್‌ಮನೆ’. ಈ ಸಮಾಜದ ಸ್ವರೂಪವನ್ನು ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಶದವಾಗಿ ವಿವರಿಸಿರುವರು. ಐನ್‌ಮನೆಯ ಮುಂಭಾಗದಲ್ಲಿ ‘ಕಯ್ಯಾಲೆ’ ಎಂಬ ಜಗಲಿ. ಒಳಗೆ ಮನೆಯ ದೀಪ ಬೆಳಗುವ ‘ನೆಲ್ಲಕ್ಕಿ ನಡುಬಾಡೆ’ ಎಂಬ ಹಜಾರ. ದೊಡ್ಡ ಮನೆಗಳಲ್ಲಿ ನಡುವಿನ ಅಂಗಳದ ಸುತ್ತಲೂ ಕೊಠಡಿಗಳು. ಬಂದವರನ್ನು ಕುಳ್ಳಿರಿಸುವ ಸ್ಥಳ ಕಯ್ಯಾಲೆ. ಒಳಮನೆಯ ಪಾವಿತ್ರ್ಯಕ್ಕೂ ಹೊರಗಿನವರ ಆದರಕ್ಕೂ ಬೇರೆ ಬೇರೆ ಎಡೆಗಳನ್ನು ಮನೆಯ ರಚನೆಯೇ ಗೊತ್ತುಮಾಡಿತ್ತು. ಅರೆಭಾಷೆಯ ಗೌಡರಲ್ಲಿಯೂ ಐನ್‌ಮನೆಗಳುಂಟು.

ಇಂಥ ನಾಡಿನಲ್ಲಿ ಸಂಸಾರದೊಡನೆ ಬಂದ ನೆಂಟನಿಗೆ ಮನೆಯೇ ತಂಗುದಾಣ. ಅಲ್ಲಿ ಎಣಿಕೆಯ ಮಾನವು ಬಂದ ಸಂಸಾರವೇ. ಹೆಂಗಸರು ಹೆಂಗಸರೊಡನೆ, ಹುಡುಗರು ಹುಡುಗರೊಡನೆ ಮಲಗುವ ಏರ್ಪಾಡು ಅವಿಭಕ್ತ ಕುಟುಂಬದಲ್ಲಿ ಸಹಜವಾದುದರಿಂದ ಬೆಳೆದ ಮಕ್ಕಳು ಒಂದು ಸಮಸ್ಯೆಯಾಗುತ್ತಿರಲಿಲ್ಲ. ಸಂಸ್ಕೃತದ ‘ಅತಿಥಿ’ ಶಬ್ದಕ್ಕೆ, ಬರುವ ತಿಥಿಯನ್ನು ಮೊದಲೇ ಗೊತ್ತುಮಾಡದವನೆಂದು ಸಂಪ್ರದಾಯದಲ್ಲಿ ಅರ್ಥ ಹೇಳುವುದುಂಟು. ಇಂದಿನ ಅತಿಥಿಯಾದರೋ ತಿಥಿಯನ್ನು ಮುಂಚಿತವಾಗಿ ತಿಳಿಸಿ, ಮುಂಗಡ ಹಣವನ್ನೂ ಕಳುಹಿಸಿದ ಮೇಲೆಯೇ ಬರತಕ್ಕವನು!

4. ಬಂಗಲೆ ಮತ್ತು ಲಾಡ್ಜು

1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಐರೋಪ್ಯನು ಕಾಫಿ ತೋಟವನ್ನು ಆರಂಭಿಸಿದ ಮೇಲೆ ಇತರ ಐರೋಪ್ಯ ತೋಟಗಾರರೂ ಬಂದರು. ಅಧಿಕಾರಿಗಳ ಸಂಚಾರವೂ ತೋಟಗಾರರ ಓಡಾಟವೂ ಹೆಚ್ಚಿದಂತೆ ಬ್ರಿಟಿಷ್ ಭಾರತದ ಇತರ ಭಾಗಗಳಲ್ಲಿದ್ದ ಪ್ರವಾಸಿ ಬಂಗಲೆಯ ಪದ್ಧತಿಯು ಇಲ್ಲಿಯೂ ಬಂದಿತು. ಎರಡು ಮೂರು ಕೊಠಡಿಗಳ ಕಟ್ಟಡ, ಮುಂದೆ ಜಗಲಿ, ಹಿಂದೆ ಅಡಿಗೆಮನೆ, ನೋಡಿಕೊಳ್ಳಲು ಒಬ್ಬ ಕಾವಲುಗಾರ. ಸರ್ಕಾರಿ ಕೆಲಸದ ಮೇಲೆ ಬಂದವರಿಗೆ ಮೊದಲ ಹಕ್ಕು. ದರವು ಸಾಮಾನ್ಯವಾಗಿ ತಲೆಗೆ, ದಿನಕ್ಕೆ ಇಷ್ಟು ಎಂದು. ಬಂಗಲೆಯು ಮುಖ್ಯವಾಗಿ ಒಂಟಿಯಾಗಿ ಸಂಚರಿಸುವ ಅಧಿಕಾರಿಗೆಂದು ಯೋಚಿಸಿದ ವಸತಿ. ಇದೇ ಕಾಲದಲ್ಲಿ, 1867ರ ಸರಾಯಿ ಕಾಯಿದೆಯು ಬ್ರಿಟಿಷ್ ಭಾರತದಲ್ಲಿ ಪ್ರವಾಸಿಗಳನ್ನು ಇಳಿಸಿಕೊಳ್ಳುವ ಕಟ್ಟಡಗಳೂ ಅವುಗಳ ಪಾಲಕರೂ ಮ್ಯಾಜಿಸ್ಟ್ರೇಟರಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿತು. ವಸತಿಯು ಧರ್ಮಕಾರ್ಯವಾಗಿದ್ದುದು ಹೋಗಿ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟ ವ್ಯವಹಾರವಾದುದಕ್ಕೆ ಇದೊಂದು ಕುರುಹು.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಸ್ಸು ಬಂದಿತು. ಅದರ ಹಿಂದೆಯೇ ಪೇಟೆಗಳಲ್ಲಿ ‘ಊಟ ಮತ್ತು ವಸತಿ’ ಎಂಬ ಹಲಗೆಗಳು ಕಾಣಿಸಿಕೊಂಡವು. ಲಾಡ್ಜಿನಲ್ಲಿ ಅಳತೆಯ ಮಾನವು ಕೊಠಡಿ. ಇಬ್ಬರಿಗೆ ಒಂದು ಕೊಠಡಿ ಎಂಬುದೇ ಅದರ ಮೂಲಸೂತ್ರ. ವ್ಯಾಪಾರಕ್ಕೆ ಬಂದವರಿಗೂ ನವದಂಪತಿಗಳಿಗೂ ಚಿಕ್ಕ ಮಕ್ಕಳ ಸಂಸಾರಕ್ಕೂ ಇದು ಒಗ್ಗುತ್ತದೆ. ನಾಲ್ವರು ದೊಡ್ಡ ಮೈಯವರ ಸಂಸಾರಕ್ಕೆ ಮಾತ್ರ ಒಗ್ಗುವುದಿಲ್ಲ.

ಮತ್ತೊಂದು ಮಾನವು ಪಶ್ಚಿಮದಿಂದ ಬಂದಿದೆ. ಜರ್ಮನಿಯ ಉಪಾಧ್ಯಾಯ ರಿಚರ್ಡ್ ಶಿರ್ಮಾನ್ ಎಂಬವರು, ಕಾಲ್ನಡಿಗೆಯಲ್ಲಿ ಸಂಚರಿಸುವ ಶಾಲಾ ಬಾಲಕರಿಗಾಗಿ 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಯುವ ವಸತಿಗೃಹವನ್ನು ತೆರೆದರು. ಅಲ್ಲಿ ಎಣಿಕೆ ಹಾಸಿಗೆಗೆ. ಗಂಡುಮಕ್ಕಳ ಕೊಠಡಿ ಬೇರೆ, ಹೆಣ್ಣುಮಕ್ಕಳ ಕೊಠಡಿ ಬೇರೆ. ಮೈಸೂರಿನಲ್ಲಿ ಇಂಥದೊಂದು ಯೂತ್ ಹಾಸ್ಟೆಲ್ ಉಂಟು; ಕೊಡಗಿಗೆ ಹೋಗುವವರು ದಾರಿಯಲ್ಲಿ ಒಂದು ರಾತ್ರಿ ತಂಗಲು ಇದನ್ನು ವಿಚಾರಿಸಬಹುದು. ಈಚಿನ ವರ್ಷಗಳಲ್ಲಿ ಕೊಡಗಿನಲ್ಲಿಯೂ ಹಾಸಿಗೆಯ ಲೆಕ್ಕದ ಖಾಸಗಿ ಹಾಸ್ಟೆಲುಗಳು ತೆರೆದಿವೆ. ವಿಪರ್ಯಾಸವೇನೆಂದರೆ, ಬಾಲಕರಿಗಾಗಿ ಹುಟ್ಟಿದ ಈ ಪದ್ಧತಿಯನ್ನು ಅನುಸರಿಸುವ ಖಾಸಗಿ ಹಾಸ್ಟೆಲುಗಳಲ್ಲಿ ಕೆಲವು 18 ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಆದುದರಿಂದ ಮೊದಲೇ ಕೇಳಿ ತಿಳಿಯುವುದು ಅವಶ್ಯ.

5. ಹೋಂಸ್ಟೇ: ಮನೆಯ ಪುನರಾಗಮನ

ಕಾಫಿ ತೋಟಗಳು ವಿಸ್ತಾರವಾದಂತೆ ಐನ್‌ಮನೆಗಳಿಂದ ಹೊರಬಂದ ಸಂಸಾರಗಳು ತೋಟದ ನಡುವೆ ತಮ್ಮ ತಮ್ಮ ಮನೆಗಳನ್ನು ಕಟ್ಟಿಕೊಂಡವು. ಆ ಮನೆಗಳ ಮಕ್ಕಳು ಓದಿಗೂ ಸೈನ್ಯಕ್ಕೂ ಪಟ್ಟಣದ ಉದ್ಯೋಗಗಳಿಗೂ ಹೊರಟುಹೋದರು, ಕೊಠಡಿಗಳು ತೆರವಾದುವು. ಇತ್ತ, 1990ರ ದಶಕದಲ್ಲಿ ಕಾಫಿಯ ಮಾರಾಟವು ಕಾಫಿ ಮಂಡಳಿಯ ಹತೋಟಿಯಿಂದ ಬಿಡುಗಡೆಯಾಯಿತು. ಆ ದಶಕದ ಕೊನೆಯಿಂದ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯತೊಡಗಿ, 2001ರ ಸುಮಾರಿಗೆ ತೀರ ಕೆಳಗಿಳಿಯಿತು. ತೆರವಾದ ಕೊಠಡಿ, ಕುಗ್ಗಿದ ಆದಾಯ, ಬೆಂಗಳೂರಿನಿಂದ ಹೆಚ್ಚಿದ ಪ್ರವಾಸಿಗಳು ಎಂಬ ಈ ಮೂರರ ಸಂಯೋಗದಿಂದ ಕೊಡಗಿನಲ್ಲಿ ಹೋಂಸ್ಟೇ ಪದ್ಧತಿಯು ಬಲಿತಿತೆಂದು ಹೇಳಲಡ್ಡಿಯಿಲ್ಲ. ಬೆಳೆದು ಹೊರಟುಹೋದ ಮಕ್ಕಳ ಕೊಠಡಿಗಳಲ್ಲಿ ಇಂದು ಪರಸ್ಥಳದ ಬೆಳೆದ ಮಕ್ಕಳು ಮಲಗುತ್ತಿದ್ದಾರೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಹೋಂಸ್ಟೇಗಳಿಗಾಗಿ ರೂಪಿಸಿದ ಯೋಜನೆಯಲ್ಲಿ ಎರಡು ಮುಖ್ಯ ನಿಯಮಗಳಿವೆ. ಕೊಠಡಿಗಳ ಸಂಖ್ಯೆಯು ಒಂದರಿಂದ ಆರರವರೆಗೆ ಮಾತ್ರ ಇರತಕ್ಕದ್ದು. ಮನೆಯವರು ಅದೇ ಮನೆಯಲ್ಲಿ ವಾಸವಾಗಿರತಕ್ಕದ್ದು. ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆಯೂ ಹೋಂಸ್ಟೇಗಳನ್ನು ನೋಂದಾಯಿಸುತ್ತದೆ. ಇವುಗಳಲ್ಲಿ ಎರಡನೆಯ ನಿಯಮವೇ ನಮ್ಮ ದೃಷ್ಟಿಯಲ್ಲಿ ಪ್ರಧಾನವಾದುದು. ಮನೆಯವರು ವಾಸವಾಗಿರುವಲ್ಲಿ ಸಂಸಾರದ ಕಷ್ಟವನ್ನು ಸಂಸಾರಸ್ಥರೇ ಅರಿಯುತ್ತಾರೆ. ‘ಮಗಳೂ ನೀವೂ ಒಳಗಿನ ಕೊಠಡಿಯಲ್ಲಿ ಮಲಗಿ, ಹುಡುಗನಿಗೂ ಅವರ ತಂದೆಗೂ ಹೊರಕೊಠಡಿಯಲ್ಲಿ ಹಾಸಿಕೊಡುತ್ತೇವೆ’ ಎಂದು ಹೇಳಬಲ್ಲವರು ಮನೆಯ ಯಜಮಾನಿಯೇ ಹೊರತು ಸಂಬಳದ ನೌಕರನಲ್ಲ. ಹೋಂಸ್ಟೇ ಎಂಬ ಹೆಸರನ್ನಿಟ್ಟುಕೊಂಡು, ಮಾಲಿಕರು ಬೇರೆ ಊರಿನಲ್ಲಿದ್ದು, ಕೊಠಡಿಗೆ ಇಷ್ಟೆಂದು ಬಾಡಿಗೆಗೆ ಕೊಡುವ ಕಟ್ಟಡಗಳೂ ಇವೆ. ಅವು ಹೆಸರಿನಿಂದ ಮಾತ್ರ ಮನೆ, ಮಾನದಿಂದ ಲಾಡ್ಜು.

6. ಒಂದು ಲೆಕ್ಕ

ಮೇಲೆ ಹೇಳಿದ ಮಾನಗಳ ವ್ಯತ್ಯಾಸವು ಕೈಚೀಲದ ಮೇಲೆ ಹೇಗೆ ಪರಿಣಮಿಸುತ್ತದೆಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಇಲ್ಲಿನ ದರಗಳು ವಿವರಣೆಗಾಗಿ ನಾವು ಇಟ್ಟುಕೊಂಡವುಗಳೇ ಹೊರತು ಯಾವ ಸ್ಥಳದ ದರಪಟ್ಟಿಯೂ ಅಲ್ಲ. ತಾಯಿ, ತಂದೆ, 17ರ ಮಗ, 15ರ ಮಗಳು; ಒಂದು ರಾತ್ರಿಯ ವಸತಿ, ರಾತ್ರಿಯ ಊಟ, ಬೆಳಗಿನ ತಿಂಡಿ.

(ಅ) ಲಾಡ್ಜಿನಲ್ಲಿ ಒಂದು ಕೊಠಡಿಗೆ 1,800 ರೂ., ಎರಡು ಹೆಚ್ಚುವರಿ ಹಾಸಿಗೆಗೆ 1,000 ರೂ., ಹೊರಗಿನ ಊಟ ತಿಂಡಿಗೆ ತಲೆಗೆ 350ರಂತೆ 1,400 ರೂ. ಒಟ್ಟು 4,200 ರೂ.

(ಆ) ಅದೇ ಲಾಡ್ಜಿನಲ್ಲಿ ಎರಡು ಕೊಠಡಿಗೆ 3,600 ರೂ., ಊಟ ತಿಂಡಿಗೆ 1,400 ರೂ. ಒಟ್ಟು 5,000 ರೂ.

(ಇ) ಊಟ ತಿಂಡಿ ಸೇರಿ ತಲೆಗೆ 1,400ರಂತೆ ಎಣಿಸುವ ಹೋಂಸ್ಟೇಯಲ್ಲಿ 5,600 ರೂ.

(ಈ) ಅಕ್ಕಪಕ್ಕದ ಎರಡು ಕೊಠಡಿಗಳನ್ನು ತಿಂಡಿ ಸಹಿತವಾಗಿ ಒಂದು ಸಂಸಾರಕ್ಕೆಂದು 3,600 ರೂ.ಗೆ ಕೊಡುವ ಹೋಂಸ್ಟೇಯಲ್ಲಿ, ರಾತ್ರಿಯ ಊಟಕ್ಕೆ ತಲೆಗೆ 250ರಂತೆ 1,000 ರೂ. ಸೇರಿ 4,600 ರೂ.

ಹೋಂಸ್ಟೇಯು ಪೇಟೆಯಿಂದ ದೂರವಿದ್ದು, ಸ್ವಂತ ವಾಹನವಿಲ್ಲದವರು ಆಟೋ ಅಥವಾ ಜೀಪಿಗೆ ದಿನಕ್ಕೆ 500 ರೂ. ತೆರಬೇಕಾದರೆ (ಇ) 6,100ಕ್ಕೂ (ಈ) 5,100ಕ್ಕೂ ಏರುತ್ತದೆ. ಇದರಿಂದ ಮೂರು ಸಂಗತಿಗಳು ತಿಳಿಯಬರುತ್ತವೆ. ಮೊದಲನೆಯದಾಗಿ, ಹೋಂಸ್ಟೇ ಯಾವಾಗಲೂ ಅಗ್ಗವೆಂಬ ನಂಬಿಕೆ ಸರಿಯಲ್ಲ. ತಲೆಯ ಲೆಕ್ಕವಿರುವಲ್ಲಿ ಅದು ಎಲ್ಲಕ್ಕಿಂತಲೂ ದುಬಾರಿಯಾಗಬಹುದು. ಎರಡನೆಯದಾಗಿ, ಸಂಸಾರದ ಲೆಕ್ಕವಿರುವಲ್ಲಿ ವಾಹನವುಳ್ಳವರಿಗೆ ಅದು ಎರಡು ಕೊಠಡಿಯ ಲಾಡ್ಜಿಗಿಂತ ಅಗ್ಗ. ವಾಹನವಿಲ್ಲದವರಿಗೆ ಹೆಚ್ಚು ಕಡಿಮೆ ಸಮ. ಮೂರನೆಯದಾಗಿ, (ಅ) ಮತ್ತು (ಆ)ಗಳ ನಡುವಣ ಅಂತರವು ಮೂರು ರಾತ್ರಿಗೆ 2,400 ರೂ. ಬೆಳೆದ ಮಕ್ಕಳಿಗೆ ಒಂದು ಗೋಡೆಯ ಮರೆಯನ್ನು ಕೊಡುವುದಕ್ಕೆ ಲಾಡ್ಜಿನಲ್ಲಿ ತೆರಬೇಕಾದ ಬೆಲೆ ಇದು. ತಲಕಾವೇರಿಯನ್ನು ಕಾಣದೆ ಹಿಂದಿರುಗುವಂತೆ ಮಾಡುವುದೂ ಇಷ್ಟೇ ಹಣ.

ತೆರಿಗೆಯ ವಿಷಯವನ್ನೂ ಇಲ್ಲಿ ಹೇಳಬೇಕು. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ದಿನಕ್ಕೆ 1,000 ರೂ.ಗಿಂತ ಕಡಿಮೆ ದರದ ಕೊಠಡಿಗಳಿಗೆ ವಿನಾಯಿತಿಯಿತ್ತು. 2022ರ ಜುಲೈ 18ರಿಂದ ಆ ವಿನಾಯಿತಿ ಹೋಗಿ ಶೇಕಡ 12 ಬಿದ್ದಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂ.ವರೆಗಿನ ಕೊಠಡಿಗಳಿಗೆ ಅದನ್ನು ಶೇಕಡ 5ಕ್ಕೆ ಇಳಿಸಲಾಯಿತು. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳುವುದು ಲೇಸು.

7. ಕಾಲ ಮತ್ತು ಸ್ಥಳ

ಬೆಳೆದ ಮಕ್ಕಳಿರುವ ಸಂಸಾರಕ್ಕೆ ಇನ್ನೊಂದು ಬಂಧನವುಂಟು, ಅದು ಪರೀಕ್ಷೆಗಳದು. ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಓದುವವರು ಫೆಬ್ರವರಿ ಮಾರ್ಚಿಯಲ್ಲಿ ಮನೆ ಬಿಡುವಂತಿಲ್ಲ. ಅವರಿಗೆ ಬಿಡುವಿರುವುದು ಬೇಸಗೆ ರಜೆಯಲ್ಲಿ, ದಸರೆಯಲ್ಲಿ. ಆಗಲೇ ಕೊಡಗಿನಲ್ಲಿ ದರಗಳು ಏರಿರುತ್ತವೆ. ಅಕ್ಟೋಬರಿನ ನಡುವಿನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿಯೂ ಭಾಗಮಂಡಲದಲ್ಲಿಯೂ ಯಾತ್ರಿಕರು ನೆರೆಯುತ್ತಾರೆ. ವಿಜಯದಶಮಿಯಂದು ಮಡಿಕೇರಿಯ ದಸರಾ ಮಂಟಪಗಳನ್ನು ನೋಡಲು ಜನ ಸೇರುತ್ತದೆ. ರಜೆಯೊಳಗಾಗಿಯೇ ಈ ದಿನಗಳನ್ನೂ ಶನಿವಾರ ಭಾನುವಾರಗಳನ್ನೂ ತಪ್ಪಿಸಿ ವಾರದ ನಡುವೆ ಹೋಗುವವರಿಗೆ ದರದಲ್ಲಿ ಮಾತುಕತೆಗೆ ಅವಕಾಶ ಹೆಚ್ಚು.

ಮಳೆಗಾಲದಲ್ಲಿ ದರ ಇಳಿಯುತ್ತದೆ. ಆದರೆ ಅಗ್ಗವೆಂದು ಅದನ್ನು ಕಣ್ಣು ಮುಚ್ಚಿ ಆರಿಸಬಾರದು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಪ್ರಾಣಹಾನಿಯಾಯಿತು, ಅನೇಕರು ಮನೆಮಾರು ಕಳೆದುಕೊಂಡರು. ಪ್ರವಾಸಿಗಳ ಬರುವಿಕೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿಯೇ ಬೆಟ್ಟ ಜರಿಯಿತು. ಜಿಲ್ಲಾಡಳಿತದ ಸೂಚನೆಯನ್ನು ತಿಳಿಯದೆ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಮುಂಗಡ ಕೊಡುವುದು ವಿವೇಕವಲ್ಲ.

ಸ್ಥಳದ ವಿಚಾರ. ಕೊಡಗು ಜಿಲ್ಲೆಯಲ್ಲಿ ರೈಲುಮಾರ್ಗವಿಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ಬಸ್ಸು ಎಂಬುದು ಮಿತವ್ಯಯದ ದಾರಿ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಂತೆ ರಾಜ್ಯದ ನಿವಾಸಿಗಳಾದ ಸ್ತ್ರೀಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೇಟಿನ ಖರ್ಚಿಲ್ಲ. ನಮ್ಮ ಉದಾಹರಣೆಯ ಸಂಸಾರದಲ್ಲಿ ತಾಯಿಗೂ ಮಗಳಿಗೂ ಇದು ಅನ್ವಯಿಸುತ್ತದೆ. ಬಸ್ಸನ್ನೇ ನಂಬಿದವರು ಮೈಸೂರು-ಮಡಿಕೇರಿ ರಸ್ತೆಯ ಮೇಲಿರುವ ಕುಶಾಲನಗರದಲ್ಲಿ ಇಳಿದುಕೊಳ್ಳುವುದನ್ನು ಯೋಚಿಸಬಹುದು. ಬ್ರಿಟಿಷರ ಕಾಲದಲ್ಲಿ ಫ್ರೇಜರ್‌ಪೇಟೆ ಎಂದು ಕರೆಯುತ್ತಿದ್ದ ಈ ಊರಿನಿಂದ ದುಬಾರೆ, ಕಾವೇರಿ ನಿಸರ್ಗಧಾಮ, ಮೈಸೂರು ಜಿಲ್ಲೆಗೆ ಸೇರಿದ ಬೈಲಕುಪ್ಪೆಯ ಟಿಬೆಟನ್ ನೆಲೆ ಇವೆಲ್ಲ ಹತ್ತಿರ. ಮಡಿಕೇರಿಯು ಸುಮಾರು 30 ಕಿಲೋಮೀಟರ್. ತಲಕಾವೇರಿಯೇ ಮುಖ್ಯ ಉದ್ದೇಶವಾದವರು ಮಡಿಕೇರಿಯನ್ನೋ ಭಾಗಮಂಡಲದ ಸುತ್ತಿನ ಮನೆಗಳನ್ನೋ ಆಶ್ರಯಿಸುವುದು ಯುಕ್ತ. ಭಾಗಮಂಡಲದಿಂದ ತಲಕಾವೇರಿ ಸುಮಾರು 8 ಕಿಲೋಮೀಟರ್ ಮಾತ್ರ.

8. ಕೇಳಬೇಕಾದ ಪ್ರಶ್ನೆಗಳು

ಮೇಲಿನ ವಿವೇಚನೆಯಿಂದ ಹೊರಡುವ ವ್ಯಾವಹಾರಿಕ ನಿಯಮಗಳನ್ನು ಇಲ್ಲಿ ಸಂಗ್ರಹಿಸುತ್ತೇವೆ.

ಮೊದಲನೆಯದು: ‘ಇಬ್ಬರು ಮಕ್ಕಳು’ ಎಂದು ಹೇಳದೆ ಅವರ ವಯಸ್ಸನ್ನೇ ಹೇಳಬೇಕು. ನಮ್ಮ ಅಣ್ಣನವರ ತಪ್ಪು ಇಲ್ಲಿಯೇ ಆದುದು. ಎರಡನೆಯದು: ದರವು ತಲೆಗೋ, ಕೊಠಡಿಗೋ, ಹಾಸಿಗೆಗೋ, ಇಡೀ ಸಂಸಾರಕ್ಕೋ ಎಂದು ಕೇಳಬೇಕು. ಕೊಠಡಿಯ ದರ ಹೇಳಿದವರನ್ನು, ಅಕ್ಕಪಕ್ಕದ ಎರಡು ಕೊಠಡಿಗಳನ್ನು ಒಂದು ಸಂಸಾರಕ್ಕೆಂದು ಎಷ್ಟಕ್ಕೆ ಕೊಡುವಿರಿ ಎಂದು ಕೇಳಲು ಸಂಕೋಚಪಡಬಾರದು. ಮೂರನೆಯದು: ಹೆಚ್ಚುವರಿ ಹಾಸಿಗೆಯೆಂದರೆ ಮಂಚವೋ ನೆಲದ ಮೇಲಿನ ಹಾಸಿಗೆಯೋ, ಯಾವ ಯಾವ ಊಟ ಸೇರಿದೆ, ತೆರಿಗೆ ಎಷ್ಟು ಎಂಬುದನ್ನು ತಿಳಿದುಕೊಳ್ಳಬೇಕು. ಬೆಳೆಯುವ ಮಕ್ಕಳ ಹಸಿವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆಯವ್ಯಯವು ಎರಡನೆಯ ದಿನವೇ ಕೆಡುತ್ತದೆ! ನಾಲ್ಕನೆಯದು: ಮನೆಯವರು ಅಲ್ಲಿಯೇ ವಾಸವಾಗಿರುವರೇ, ಹೋಂಸ್ಟೇ ನೋಂದಣಿಯಾಗಿದೆಯೇ ಎಂದು ವಿಚಾರಿಸಬೇಕು. ಐದನೆಯದು: ಬಸ್ಸು ನಿಲ್ಲುವ ಸ್ಥಳದಿಂದ ಮನೆ ಎಷ್ಟು ದೂರ, ಕರೆದೊಯ್ಯಲು ಬರುವರೇ ಎಂಬುದು ತಿಳಿದಿರಬೇಕು. ಆರನೆಯದು: ನಾಲ್ವರ ಗುರುತಿನ ಚೀಟಿಗಳನ್ನೂ ಒಯ್ಯಬೇಕು. ವಿದೇಶದ ಪೌರತ್ವವುಳ್ಳ ಮಕ್ಕಳೊಡನೆ ಬರುವ ಕನ್ನಡ ಕುಟುಂಬಗಳು ಅದನ್ನು ಮನೆಯವರಿಗೆ ಮುಂಚಿತವಾಗಿಯೇ ತಿಳಿಸುವುದು ಒಳ್ಳೆಯದು. ಅಂಥವರ ಆಗಮನವನ್ನು 24 ಗಂಟೆಗಳೊಳಗಾಗಿ ಅಧಿಕಾರಿಗಳಿಗೆ ವರದಿ ಮಾಡುವ ಹೊಣೆ ಇಳಿಸಿಕೊಂಡವರ ಮೇಲಿದೆ.

9. ಉಪಸಂಹಾರ

ಹಜಾರ, ಮನೆ, ಬಂಗಲೆ, ಕೊಠಡಿ, ಹಾಸಿಗೆ ಎಂಬ ಈ ಸಾಲಿನಲ್ಲಿ ಪ್ರತಿಯೊಂದೂ ತನ್ನ ಕಾಲದ ಪ್ರವಾಸಿಯೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಏರ್ಪಾಡು. ಯಾತ್ರಿಕನಿಗೆ ಛತ್ರ, ನೆಂಟನಿಗೆ ಐನ್‌ಮನೆ, ಅಧಿಕಾರಿಗೆ ಬಂಗಲೆ, ವ್ಯಾಪಾರಿಗೂ ದಂಪತಿಗಳಿಗೂ ಲಾಡ್ಜು, ಒಂಟಿ ತರುಣನಿಗೆ ಹಾಸ್ಟೆಲ್. ಹದಿನೈದು ಹದಿನೇಳರ ಮಕ್ಕಳೊಡನೆ ಮೂರು ದಿನ ಒಟ್ಟಿಗೆ ಇರಬೇಕೆಂದು ಹೊರಡುವ ಸಂಸಾರವು ಚರಿತ್ರೆಯಲ್ಲಿ ಹೊಸ ಪ್ರವಾಸಿ. ಅದಕ್ಕೆ ತಕ್ಕ ವಸತಿಯಿನ್ನೂ ಪೂರ್ಣವಾಗಿ ರೂಪುಗೊಂಡಿಲ್ಲ. ಅದಕ್ಕೆ ಎಲ್ಲಕ್ಕಿಂತ ಸಮೀಪವಾದುದು, ಮನೆಯವರು ವಾಸವಾಗಿದ್ದು ಸಂಸಾರವನ್ನು ಸಂಸಾರವಾಗಿಯೇ ಎಣಿಸುವ ಹೋಂಸ್ಟೇ ಎಂಬುದು ನಮ್ಮ ಅಭಿಪ್ರಾಯ. ಅದು ಸಿಕ್ಕದಿದ್ದಲ್ಲಿ ಪೇಟೆಯ ಲಾಡ್ಜಿನಲ್ಲಿ ಅಕ್ಕಪಕ್ಕದ ಎರಡು ಕೊಠಡಿ. ಅದಕ್ಕೂ ಹಣ ಸಾಲದಿದ್ದರೆ ಒಂದು ರಾತ್ರಿಯನ್ನು ಕಡಿಮೆ ಮಾಡುವುದು ಲೇಸೇ ಹೊರತು ನಾಲ್ವರನ್ನೂ ಒಂದೇ ಕೊಠಡಿಯಲ್ಲಿ ತುರುಕುವುದಲ್ಲ.

ಈ ಅವಕಾಶದ ಕಾಲಾವಧಿಯು ಚಿಕ್ಕದು. ಮಕ್ಕಳು ಹದಿನೆಂಟು ದಾಟಿದ ಮೇಲೆ ತಮ್ಮ ಹೆಸರಿನಲ್ಲಿಯೇ ಕೊಠಡಿ ಪಡೆಯಬಲ್ಲರು. ಆದರೆ ಆಗ ತಾಯಿತಂದೆಗಳೊಡನೆ ಹೊರಡುವುದು ಅಪರೂಪ. ನಮ್ಮ ಅಣ್ಣನವರ ಮಗನು ಈಗ ದೂರದ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಆ ನಾಲ್ವರೂ ಕೂಡಿ ತಲಕಾವೇರಿಗೆ ಹೋಗುವುದು ಇನ್ನೂ ಆಗಿಲ್ಲ.

ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಛತ್ರ, ಪ್ರವಾಸಿ ಬಂಗಲೆ, ಲಾಡ್ಜುಗಳ ದಿನಚರಿ ಪುಸ್ತಕಗಳನ್ನೂ ದರದ ಹಲಗೆಗಳನ್ನೂ ಹುಡುಕಿ ನೋಡಿದರೆ ಪ್ರವಾಸದ ಚರಿತ್ರೆಗೆ ಬೇಕಾದ ಬೆಲೆಯುಳ್ಳ ಸಾಮಗ್ರಿ ದೊರೆಯುವುದು. ಅಂಥ ಪುಸ್ತಕಗಳು ವರ್ಷೇ ವರ್ಷೇ ರದ್ದಿಗೆ ಹೋಗುತ್ತಿವೆ. ಆದುದರಿಂದ ಆ ಕಾರ್ಯವು ಬೇಗನೆ ನಡೆಯುವುದು ಒಳ್ಳೆಯದು.